ಧರ್ಮಕಾರ್ಯಕ್ಕೆ ಲೆಕ್ಕ ಬೇಕೆ?

ಊರಿನಲ್ಲೊಂದು ವೃದ್ಧಾಶ್ರಮ ತೆರೆಯಬೇಕು, ಬಡ ಮಕ್ಕಳಿಗೆ ವಿದ್ಯಾರ್ಥಿನಿಲಯ ನಡೆಸಬೇಕು ಎಂದು ನಾಲ್ಕು ಜನ ಹೊರಟರೆ ಬಹುಬೇಗ ಅವರ ಮುಂದೆ ಕೆಲವು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಮೂರು ವರ್ಷದ ಆಯವ್ಯಯ ಎಲ್ಲಿದೆ? ಹಣ ಎಲ್ಲಿಂದ ಬರುತ್ತದೆ, ನಿಂತರೆ ಏನು ಮಾಡುತ್ತೀರಿ? ಕೆಲಸ ಆಗಿದೆಯೆಂದು ಯಾವುದರಿಂದ ತಿಳಿಯುತ್ತೀರಿ? ಕಂಪನಿಗಳ ಸಿಎಸ್‌ಆರ್ ಹಣ ಕೇಳಹೋದರಂತೂ ಇವಕ್ಕೆಲ್ಲ ಉತ್ತರ ಬರೆದ ಬಿಸಿನೆಸ್ ಪ್ಲಾನ್ ಇಲ್ಲದೆ ಮಾತೇ ಮುಂದುವರಿಯುವುದಿಲ್ಲ. ಭಕ್ತಿಯಿಂದ ಈ ಕೆಲಸಕ್ಕೆ ಬಂದವರಿಗೆ ಇದು ಇರಿಸುಮುರಿಸು. ಕೊಡುವ ಕೈಗೆ ಲೆಕ್ಕ ಕಲಿಸಿದರೆ ಕರುಣೆ ವ್ಯಾಪಾರವಾಗುತ್ತದೆ, ದಾನ ತನ್ನ ಪುಣ್ಯವನ್ನು ಕಳೆದುಕೊಳ್ಳುತ್ತದೆ ಎಂಬ ಅಳುಕು ಅವರದು. ಈ ಅಳುಕನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಅದು ಕೊಡುವವನ ಮನಸ್ಸಿನ ಶುದ್ಧಿಯನ್ನಷ್ಟೇ ನೋಡುತ್ತದೆ, ಪಡೆಯುವವನ ನಾಳೆಯನ್ನು ನೋಡುವುದಿಲ್ಲ. ಆ ನಾಳೆಯ ಹೊಣೆ ಹೊತ್ತುಕೊಂಡ ದಿನವೇ ಲೆಕ್ಕ ಬರೆಯುವುದು ಧರ್ಮದ ಒಳಗಿನ ಕೆಲಸವಾಗುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳದ್ದು. ನಾಗಮಂಗಲದವು 7ನೇ ಸಂಪುಟದಲ್ಲಿವೆ. ಇವುಗಳಲ್ಲಿನ ದಾನಶಾಸನಗಳ ಆರಂಭದ ದೇವಸ್ತುತಿ, ರಾಜಪ್ರಶಸ್ತಿಗಳನ್ನು ದಾಟಿ ಮುಂದೆ ಹೋದರೆ ಸಿಗುವುದು ಅಚ್ಚುಕಟ್ಟಾದ ಯೋಜನಾಪತ್ರ. ಎಷ್ಟು ಸಲಿಗೆ ಗದ್ದೆ, ಎಷ್ಟು ಕೊಳಗ ಬೆದ್ದಲು, ಯಾವ ಕೆರೆಯ ಕೆಳಗೆ, ನಾಲ್ಕು ದಿಕ್ಕಿನ ಎಲ್ಲೆ ಯಾವುದು. ಅದರ ಆದಾಯದಲ್ಲಿ ನಂದಾದೀವಿಗೆಗೆ ಎಷ್ಟು, ನೈವೇದ್ಯಕ್ಕೆ ಎಷ್ಟು, ಆಹಾರದಾನಕ್ಕೆ ಎಷ್ಟು. ಯಾರ ವಶಕ್ಕೆ ಕೊಟ್ಟಿದೆ, ಸಾಕ್ಷಿ ಯಾರು. ಕಡೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದಳು. ಅಂಥ ಕಟ್ಟಡ ಎಬ್ಬಿಸುವುದು ಒಂದು ಸಾಹಸವಾದರೆ, ಅದರಲ್ಲಿ ದಿನವೂ ದೀಪ ಉರಿಯುವಂತೆ ಮಾಡುವುದು ಇನ್ನೊಂದು. ಶಾಸನಗಳು ಮತ್ತೆಮತ್ತೆ ಹೇಳುವ ಖಂಡಸ್ಫುಟಿತ ಜೀರ್ಣೋದ್ಧಾರ, ಅಂದರೆ ಮುರಿದದ್ದು ಬಿರುಕುಬಿಟ್ಟದ್ದನ್ನು ಸರಿಪಡಿಸುವ ಬಾಬ್ತು, ಕಟ್ಟಿಸಿದವರು ಕಟ್ಟುವಾಗಲೇ ಸವಕಳಿಯನ್ನು ಎಣಿಸಿದ್ದರು ಎಂಬುದಕ್ಕೆ ಗುರುತು. ಕೆರೆ ಕಟ್ಟಿಸಿದವರು ಅದರ ನಿರ್ವಹಣೆಗೆ ಬಿತ್ತುವಟ್ಟವೆಂಬ ದತ್ತಿ ಬಿಟ್ಟದ್ದೂ ಇದೇ ಕಾರಣಕ್ಕೆ: ಹೂಳು ತೆಗೆಯಲು, ಏರಿ ಬಲಪಡಿಸಲು ಪ್ರತಿ ವರ್ಷ ದುಡ್ಡು ಬೇಕು. ಇಂದು ಎಷ್ಟೋ ಟ್ರಸ್ಟುಗಳ ಯೋಜನೆಯಲ್ಲಿ ಕಟ್ಟಡದ ಅಂದಾಜು ಇರುತ್ತದೆ, ಐದನೆಯ ವರ್ಷ ಸೂರು ಸೋರಿದರೆ ಏನು ಎಂಬ ಸಾಲು ಇರುವುದಿಲ್ಲ. ಹೊಯ್ಸಳರ ಕಾಲದ ಲಿಪಿಕಾರ ಆ ಸಾಲನ್ನು ಮರೆಯುತ್ತಿರಲಿಲ್ಲ. ಇಸ್ಲಾಮಿನ ವಕ್ಫ್ ಕಲ್ಪನೆಯಲ್ಲಿಯೂ ಇದೇ ವಿವೇಕವಿದೆ: ಮೂಲ ಆಸ್ತಿಯನ್ನು ಮಾರುವಂತಿಲ್ಲ, ಉಡುಗೊರೆಯಾಗಿ ಕೊಡುವಂತಿಲ್ಲ, ಅದರ ಹುಟ್ಟುವಳಿಯನ್ನು ಮಾತ್ರ ಹಂಚಬೇಕು.

ಶಾಸನಗಳು ಲೋಕವ್ಯವಹಾರದವು, ಅಧ್ಯಾತ್ಮ ಬೇರೆ ಮಾತನ್ನೇ ಹೇಳುತ್ತದಲ್ಲ ಎನ್ನಬಹುದು. ಫಲದ ಆಸೆ ಬಿಡು ಎಂದ ಗೀತೆಯನ್ನು ನಂಬಿದವರು ಗುರಿ, ಫಲಿತಾಂಶ, ಸೂಚ್ಯಂಕಗಳ ಪತ್ರ ಬರೆಯುವುದು ಹೇಗೆ? ಈ ಆಕ್ಷೇಪಕ್ಕೆ ಉತ್ತರ ಗೀತೆಯಲ್ಲಿಯೇ ಇದೆ. ಹದಿನೇಳನೆಯ ಅಧ್ಯಾಯ ಸಾತ್ತ್ವಿಕ ದಾನವನ್ನು ವಿವರಿಸುವಾಗ ಪ್ರತಿಫಲ ಬಯಸದಿರುವುದರ ಜೊತೆಗೆ ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಡಬೇಕೆನ್ನುತ್ತದೆ. ಹದಿನೆಂಟನೆಯ ಅಧ್ಯಾಯ ಇನ್ನೂ ಕಟುವಾಗಿದೆ. ಮುಂದೆ ಏನಾದೀತು, ಎಷ್ಟು ವ್ಯಯವಾದೀತು, ಯಾರಿಗೆ ನೋವಾದೀತು, ತನ್ನ ಶಕ್ತಿ ಎಷ್ಟು ಎಂಬುದನ್ನು ಎಣಿಸದೆ ಮೋಹದಿಂದ ತೊಡಗಿದ ಕರ್ಮವನ್ನು ಅದು ತಾಮಸವೆಂದು ಕರೆಯುತ್ತದೆ. ಒಳ್ಳೆಯ ಯೋಜನೆ ಉತ್ತರಿಸಬೇಕಾದ ನಾಲ್ಕು ಪ್ರಶ್ನೆಗಳು ಇವೇ. ಫಲಕ್ಕೆ ಅಂಟಿಕೊಳ್ಳುವುದು ಬೇರೆ, ಪರಿಣಾಮವನ್ನು ಮುಂಗಾಣುವುದು ಬೇರೆ. ಮೂವತ್ತು ಮಕ್ಕಳನ್ನು ಸೇರಿಸಿಕೊಂಡು ಎರಡನೆಯ ವರ್ಷ ಹಣವಿಲ್ಲವೆಂದು ಅವರನ್ನು ಮನೆಗೆ ಕಳಿಸಿದವನು ತನ್ನ ನಿಷ್ಕಾಮತೆಯನ್ನು ಹೇಳಿಕೊಂಡು ಪಾರಾಗಲಾರ. ಆ ಮಕ್ಕಳಿಗೆ ಆದದ್ದು ಹಿಂಸೆ. ಆರಂಭದಲ್ಲಿ ಲೆಕ್ಕ ಹಾಕಿದ್ದರೆ ಅದನ್ನು ತಪ್ಪಿಸಬಹುದಿತ್ತು.

ಇದಕ್ಕಿಂತ ಆಳವಾದ ಆಕ್ಷೇಪ ಶರಣರ ಕಡೆಯಿಂದ ಬರುತ್ತದೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ನಾಳೆಗೆಂದು ಕೂಡಿಡುವುದೇ ಅಪನಂಬಿಕೆಯಾದರೆ ಇಡುಗಂಟು ಇಟ್ಟು ಬಡ್ಡಿಯಿಂದ ಸೇವೆ ಮಾಡುವ ಸಂಸ್ಥೆಗೆ ಆಕೆಯ ಮುಂದೆ ಏನು ನೆಲೆ? ನನಗೆ ತೋರುವಂತೆ ಲಕ್ಕಮ್ಮ ವಿರೋಧಿಸಿದ್ದು ಅಳತೆಯನ್ನಲ್ಲ, ಮಿಗತೆಯನ್ನು. ಮನೆಗೆ ಬರುವ ಜಂಗಮರಿಗೆ ದಿನಕ್ಕೆ ಎಷ್ಟು ಸಾಕೆಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ನಿಜವಾದ ಆಯವ್ಯಯ ಕೊರತೆಯನ್ನು ಬಯಲುಮಾಡಿದಷ್ಟೇ ಗಟ್ಟಿಯಾಗಿ ದುರಾಸೆಯನ್ನೂ ಬಯಲುಮಾಡಬೇಕು. ನಮ್ಮ ಆದಾಯ ತೆರಿಗೆ ಕಾನೂನು ಕೂಡ ತೆರಿಗೆ ವಿನಾಯಿತಿ ಬೇಕಾದ ಧರ್ಮಸಂಸ್ಥೆ ವರ್ಷದ ಆದಾಯದ ಶೇಕಡ 85ನ್ನು ತನ್ನ ಉದ್ದೇಶಕ್ಕೆ ಬಳಸಬೇಕೆನ್ನುತ್ತದೆ. ಅದರಲ್ಲಿ ಏನಾದರೂ ಮುಂದಕ್ಕೆ ಉಳಿಸಿಕೊಳ್ಳುವುದಾದರೆ ಯಾವ ಕೆಲಸಕ್ಕೆಂದು ಬರೆದುಕೊಡಬೇಕು. ದಾನಿಗಳ ಹಣ ಬ್ಯಾಂಕಿನಲ್ಲಿ ಬೆಳೆಯುತ್ತ ಪಕ್ಕದ ಕೇರಿಯ ಮುದುಕಿ ಔಷಧಿಯಿಲ್ಲದೆ ಉಳಿದರೆ, ಲಕ್ಕಮ್ಮನ ಮಾತು ಆ ಸಂಸ್ಥೆಗೆ ಪೂರ್ತಿಯಾಗಿ ಸಲ್ಲುತ್ತದೆ.

ಗಾಂಧೀಜಿಯ ಆಕ್ಷೇಪವೂ ಇದರ ನೆರೆಯದೇ. ಸಾರ್ವಜನಿಕ ಸಂಸ್ಥೆಗಳು ಶಾಶ್ವತ ನಿಧಿಯ ಮೇಲೆ ನಡೆಯಬಾರದು, ನಿಧಿ ಕೈಗೆ ಬಂದ ಮೇಲೆ ಅವು ಜನರ ಅಭಿಪ್ರಾಯಕ್ಕೆ ಕಿವಿಗೊಡುವುದಿಲ್ಲ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಎಚ್ಚರಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಅದೇ ಗಾಂಧಿ ನೆಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಪೈಪೈ ಲೆಕ್ಕ ಇಟ್ಟವರು. ಲೆಕ್ಕ ಸರಿಯಿಲ್ಲದ ಕಡೆ ಸತ್ಯ ಶುದ್ಧವಾಗಿ ಉಳಿಯದೆಂದು ತಿಳಿದವರು. ನಿಧಿ ಬೇಡವೆಂದ ಸಂಸ್ಥೆಗೆ ಯೋಜನೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಪ್ರತಿ ವರ್ಷ ಜನರ ಮುಂದೆ ನಿಂತು ಕೇಳಬೇಕು. ಗಾಂಧಿಮಾರ್ಗದ ಸುರೇಂದ್ರ ಕೌಲಗಿ 1960ರಲ್ಲಿ ಮೇಲುಕೋಟೆಯಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಅನಾಥ ಮಕ್ಕಳ ಪಾಲನೆ, ಖಾದಿ, ಸಹಜ ಕೃಷಿ ಎಂದು ಸಣ್ಣ ಅಳತೆಯಲ್ಲೇ ಬಾಳಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠ ಬೇರೆಯದೇ ದಾರಿ ಹಿಡಿಯಿತು. 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಅದು ಶಾಲೆ, ಕಾಲೇಜು, ಬೆಳ್ಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯವರೆಗೆ ಹಬ್ಬಿತು, ಮತ್ತು 2013ರಲ್ಲಿ ಅವರು ತೀರಿಕೊಂಡ ಮೇಲೂ ನಿಲ್ಲಲಿಲ್ಲ. ಎರಡರಲ್ಲಿ ಯಾವುದು ದೊಡ್ಡದೆಂದು ತೂಗುವುದು ನನ್ನ ಉದ್ದೇಶವಲ್ಲ. ಸ್ಥಾಪಕರು ಇಲ್ಲದ ಬೆಳಗ್ಗೆ ಅಡುಗೆಮನೆಯಲ್ಲಿ ಒಲೆ ಹೊತ್ತಬೇಕಾದರೆ ಕೆಲಸ ಒಬ್ಬರ ತಲೆಯಲ್ಲಷ್ಟೇ ಇರಬಾರದು. ಯೋಜನೆಯನ್ನು ಬರೆದಿಡುವುದು, ಈ ಅರ್ಥದಲ್ಲಿ, ಅಹಂಕಾರವನ್ನು ಇಳಿಸುವ ಸಾಧನೆ: ನಾನಿಲ್ಲದೆಯೂ ಇದು ನಡೆಯಲಿ ಎಂದು ಒಪ್ಪಿಕೊಳ್ಳುವುದು.

ಶಾಸನಗಳ ಯೋಜನೆ ಉಳಿಯಿತೇ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಆಚಂದ್ರಾರ್ಕವಾಗಿ ಇರಲೆಂದು ಬಿಟ್ಟ ದತ್ತಿಭೂಮಿಗಳು 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯಿದೆಯಿಂದ ಸರ್ಕಾರಕ್ಕೆ ಸೇರಿದವು. ದೇವಾಲಯಗಳಿಗೆ ಉಳಿದದ್ದು ಸರ್ಕಾರ ವರ್ಷಕ್ಕಿಷ್ಟೆಂದು ಕೊಡುವ ತಸ್ತೀಕ್ ಹಣ. ಆ ಭೂಮಿಯಲ್ಲಿ ಬೆವರು ಸುರಿಸಿದ ಗೇಣಿದಾರನ ಕಡೆಯಿಂದ ನೋಡಿದರೆ ಈ ಬದಲಾವಣೆ ನ್ಯಾಯವೇ ಆಗಿತ್ತು ಎಂದು ನಾನು ತಿಳಿಯುತ್ತೇನೆ. ಹಳೆಯ ದಾನಪತ್ರ ದೀಪಕ್ಕೂ ಅನ್ನಕ್ಕೂ ಲೆಕ್ಕ ಇಟ್ಟಿತು, ಉತ್ತವನ ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೋಲು ಯೋಜಿಸಿದ್ದರಲ್ಲಿ ಇರಲಿಲ್ಲ, ಯಾರನ್ನು ಬಿಟ್ಟು ಯೋಜಿಸಿದರು ಎಂಬುದರಲ್ಲಿತ್ತು. ಒಂದೇ ಮೂಲದ ಆದಾಯವನ್ನು ನೆಚ್ಚಿಕೊಂಡದ್ದು ಎರಡನೆಯ ದೋಷ. ಇಂದು ಒಂದೇ ಕಂಪನಿಯ ಅನುದಾನದ ಮೇಲೆ ನಿಂತ ಸಂಸ್ಥೆಗಳಿಗೂ ಅದೇ ಅಪಾಯವಿದೆ.

ಆದ್ದರಿಂದ ಯೋಜನೆಯ ಮೊದಲ ಪುಟದಲ್ಲಿ ಸಂಸ್ಥೆಯ ಹೆಸರಿಗಿಂತ ಮುಂಚೆ ಇರಬೇಕಾದದ್ದು ನೆಲದ ತಿಳಿವಳಿಕೆ. ಕಾವೇರಿಯ ನಾಲೆ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಊರಿಗೆ ಬೇಕಾದ ಸಹಾಯ ಒಂದು. ಮಳೆ ನೆಚ್ಚಿ ರಾಗಿ ಬಿತ್ತುವ ನಾಗಮಂಗಲದ ಊರಿಗೆ ಬೇಕಾದದ್ದು ಇನ್ನೊಂದು. ಕಬ್ಬು ಕಡಿಯಲು ಬಂದ ಕೂಲಿಯವರ ಮಕ್ಕಳ ಶಾಲೆ ತಪ್ಪುವುದು ಒಂದು ಕಡೆಯ ಕಷ್ಟವಾದರೆ, ಹರೆಯದವರೆಲ್ಲ ಬೆಂಗಳೂರಿಗೆ ದುಡಿಯಲು ಹೋಗಿ ಮುದುಕರಷ್ಟೇ ಮನೆಯಲ್ಲಿ ಉಳಿಯುವುದು ಮತ್ತೊಂದು ಕಡೆಯದು. ಗೀತೆ ಹೇಳಿದ ದೇಶ, ಪಾತ್ರಗಳು ಇವೇ. ಇದನ್ನು ತಿಳಿಯಲು ಪಡೆಯುವವರನ್ನೇ ಕೇಳಬೇಕು. ಅವರು ಫಲಾನುಭವಿಗಳ ಪಟ್ಟಿಯಲ್ಲಿ ಸಂಖ್ಯೆಯಾಗಿ ಬರುವ ಮೊದಲು ಯೋಜನೆ ಬರೆಯುವ ಜಮಖಾನದ ಮೇಲೆ ಕೂತಿರಬೇಕು.

ಕೊಟ್ಟದ್ದನ್ನು ಗುಟ್ಟಾಗಿಡುವುದೇ ದಾನದ ಮೇಲ್ಮೆ ಎಂಬ ನಂಬಿಕೆ ಹಲವು ಧರ್ಮಗಳಲ್ಲಿ ಇದೆ. ಅದು ಕೊಟ್ಟವನ ಹೆಸರಿಗೆ ಸಂಬಂಧಿಸಿದ ಮಾತು. ಖರ್ಚಿನ ಲೆಕ್ಕಕ್ಕೆ ಸಲ್ಲುವುದಿಲ್ಲ. ಹಳೆಯ ದಾನಶಾಸನ ಕನ್ನಡದಲ್ಲಿತ್ತು, ಗುಡಿಯ ಮುಂದೆ ಬಯಲಿನಲ್ಲಿ ನಿಂತಿತ್ತು. ಓದಲು ಬಾರದವನಿಗೂ ಓದಿ ಹೇಳುವವರು ಸಿಗುತ್ತಿದ್ದರು. ಇಂದಿನ ಯೋಜನಾ ವರದಿ ಬಹುಪಾಲು ಇಂಗ್ಲಿಷಿನಲ್ಲಿ ತಯಾರಾಗಿ ದಾನಿ ಕಂಪನಿಯ ಕಡತಕ್ಕೆ ಸೇರುತ್ತದೆ. ಯಾರ ಹೆಸರಿನಲ್ಲಿ ಹಣ ಬಂತೋ ಅವರು ಅದನ್ನು ಕಾಣುವುದೇ ಇಲ್ಲ. ಆ ಪುಟಗಳು ಕನ್ನಡದಲ್ಲಿ, ಎಷ್ಟು ಬಂತು ಎಷ್ಟು ಹೋಯಿತು ಎಂಬ ಸರಳ ಅಂಕಿಗಳಲ್ಲಿ, ಬಿಂಡಿಗನವಿಲೆಯ ಪಂಚಾಯಿತಿ ಗೋಡೆಯ ಮೇಲೂ ಕಿಕ್ಕೇರಿಯ ಶಾಲೆಯ ಬಾಗಿಲಲ್ಲೂ ವರ್ಷಕ್ಕೊಮ್ಮೆ ಅಂಟಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಅಲ್ಲಿ ಎದ್ದು ಕೇಳಿದವರಿಗೆ ಟ್ರಸ್ಟಿಗಳು ಉತ್ತರ ಕೊಡಬೇಕು.