ಬಡವನ ಬೇನೆಯೂ ನಮ್ಮ ತೀರ್ಪೂ



ಸಭೆಯಲ್ಲಿ ಒಬ್ಬನು ವರುಷಗಟ್ಟಲೆ ನರಳಿ ಕಡೆಗೆ ಹಾಸಿಗೆ ಹಿಡಿದರೆ ನಾವು ಮೊದಲು ಕೇಳುವದೇನು? ಔಷಧವನ್ನು ಸರಿಯಾಗಿ ತಕ್ಕೊಂಡನೋ ಎಂಬದೇ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ವಿಚಾರಿಸಲಿಲ್ಲವೋ? ಮಾತು ಬೇರೆ, ಮನಸ್ಸು ಒಂದೇ.

ದೊಡ್ಡ ಕರುಳಿನಲ್ಲಿ ಹುಣ್ಣಾಗುವ ದೀರ್ಘರೋಗವನ್ನು ದೃಷ್ಟಾಂತವಾಗಿ ತಕ್ಕೊಳ್ಳೋಣ. 1859ರಲ್ಲಿ ಲಂಡನಿನ ವೈದ್ಯರಾದ ಸಾಮ್ಯುವೆಲ್ ವಿಲ್ಕ್ಸ್ ಎಂಬವರು ಇದರ ಕುರಿತು ಬರೆದರು. ಹೊಟ್ಟೆ ನುಲಿಯುವದು, ರಕ್ತ ಬೆರೆತ ಭೇದಿ, ಮೈ ಸೊರಗುವದು, ಇವು ಅದರ ಗುರುತುಗಳು. ಇದು ಅಂಟುರೋಗವಲ್ಲ, ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಬೇರುಸಹಿತ ಕಿತ್ತುಹಾಕುವ ಔಷಧವಿಲ್ಲ, ಅಡಗಿಸಿಡುವ ಔಷಧಗಳುಂಟು. ಸ್ವೀಡನ್ ದೇಶದ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆಯು 1940ರ ಸುಮಾರಿಗೆ ಬಳಕೆಗೆ ತಂದ ಸಲ್ಫಾಸಲಜೀನ್ ಇಂದಿಗೂ ಕೊಡಲ್ಪಡುತ್ತದೆ. ಆದರೆ ಬೇನೆ ಶಾಂತವಾದ ಮೇಲೂ ಗುಳಿಗೆಯನ್ನು ಬಿಡಬಾರದು.

ಕಷ್ಟವಿರುವದು ಇಲ್ಲಿಯೇ. ಕೂಲಿಯವನು ರಕ್ತವನ್ನು ಕಂಡಾಗ ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ಎಣಿಸಿ ಅಂಗಡಿಯ ಗುಳಿಗೆ ನುಂಗುತ್ತಾನೆ. ಕರುಳೊಳಗೆ ಕೊಳವೆಯಿಳಿಸಿ ನೋಡುವ ಪರೀಕ್ಷೆಯು ಪಟ್ಟಣದಲ್ಲಿ. ಅಲ್ಲಿಗೆ ಹೋದರೆ ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಕೆಲಸದ ನಡುವೆ ಹತ್ತು ಸಾರಿ ಬಯಲಿಗೆ ಹೋಗುವವನನ್ನು ಮೇಸ್ತ್ರಿಯು ಮರುದಿನ ಕರೆಯುವದಿಲ್ಲ. ಹೆಂಗಸಿನ ಪಾಡಂತೂ ಹೇಳತೀರದು: ಮರೆಯಿಲ್ಲದ ಹೊಲದಲ್ಲಿ ನಾಚಿಕೆಗೆ ಅಂಜಿ ಹಸಿದೇ ದುಡಿಯುತ್ತಾಳೆ, ಇನ್ನೂ ಸೊರಗುತ್ತಾಳೆ. ರಕ್ತ ನಿಂತಿತೋ, ಗುಳಿಗೆಯ ದುಡ್ಡು ಮಕ್ಕಳ ಅಕ್ಕಿಗೆ ಹೋಗುತ್ತದೆ. ರೋಗವು ಮರಳಿ ಬಂದಾಗ ಬೇಗ ಫಲ ತೋರುವ ಅಗ್ಗದ ಸ್ಟೀರಾಯ್ಡ್ ಗುಳಿಗೆಯೇ ಗತಿಯಾಗುತ್ತದೆ. ತಿಂಗಳುಗಟ್ಟಲೆ ತಿಂದರೆ ಅದು ಎಲುಬನ್ನು ಸವೆಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹೊಸ ಚುಚ್ಚುಮದ್ದುಗಳಿವೆ, ಅವುಗಳ ಬೆಲೆ ಬಡವನಿಗೆ ಎಟುಕದು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ವೇಲ್ಸಿನ ಕಲ್ಲಿದ್ದಲು ಗಣಿಗಾರರ ನಡುವೆ ದುಡಿದ ವೈದ್ಯರಾದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು 1971ರಲ್ಲಿ ಒಂದು ಲೇಖನ ಬರೆದು, ಒಳ್ಳೇ ವೈದ್ಯವು ಅಗತ್ಯ ಹೆಚ್ಚಾಗಿರುವಲ್ಲಿಯೇ ಕಡಿಮೆ ದೊರೆಯುತ್ತದೆಂದು ತೋರಿಸಿದರು.

ಹಾಗಾದರೆ ಬಡವನಲ್ಲಿ ತಪ್ಪೇ ಇಲ್ಲವೋ ಎಂದು ಒಬ್ಬ ಹಿರಿಯರು ಕೇಳಾರು. ಉಂಟು. ನಾಚಿಕೆಯಿಂದ ರಕ್ತವನ್ನು ಮರೆಮಾಡುವದು ತಪ್ಪು. ಗುಳಿಗೆ ಬಿಟ್ಟು ಡಾಕ್ಟರರ ಮುಂದೆ ತಕ್ಕೊಂಡೆನೆಂದು ಸುಳ್ಳು ಹೇಳುವದೂ ತಪ್ಪು. ಆದರೆ ಗುಳಿಗೆ ಮರೆಯುವದರಲ್ಲಿ ಧನಿಕನೇನೂ ಹಿಂದಿಲ್ಲ. ಅವನು ಮರೆತರೆ ವಾರದೊಳಗೆ ಪಟ್ಟಣದ ಡಾಕ್ಟರರನ್ನು ಕಂಡು ಸುಧಾರಿಸಿಕೊಳ್ಳುತ್ತಾನೆ. ಬಡವನು ಮರೆತರೆ ಕಡೆಗೆ ದೊಡ್ಡ ಕರುಳನ್ನೇ ಕೊಯ್ದು ತೆಗೆಯುವ ಸ್ಥಿತಿಗೆ ಬಂದಾನು. ತಪ್ಪು ಒಂದೇ, ದಂಡ ಎರಡು. ನಾವು ದಂಡವನ್ನು ನೋಡಿ ತಪ್ಪಿನ ಅಳತೆಯನ್ನು ನಿರ್ಣಯಿಸುತ್ತೇವೆ. ಇದು ನ್ಯಾಯವೆಂದು ನನಗೆ ತೋರುವದಿಲ್ಲ.

ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಕೂತಿದ್ದ ನಮ್ಮ ಕರ್ತನು ಅಳೆದದ್ದು ಹೇಗೆ? ಹಾಕಿದ್ದೆಷ್ಟು ಎಂದಲ್ಲ, ಹಾಕಿದ ಮೇಲೆ ಉಳಿದದ್ದೆಷ್ಟು ಎಂದು ನೋಡಿದನು. ಆ ಅಳತೆಯಿಂದ ನೋಡಿದರೆ, ತಿಂಗಳಲ್ಲಿ ಹದಿನೈದು ದಿನ ಗುಳಿಗೆ ತಕ್ಕೊಂಡ ಕೂಲಿಯವನು ಮೂವತ್ತು ದಿನ ತಕ್ಕೊಂಡ ಧನಿಕನಿಗಿಂತ ಹೆಚ್ಚು ಶ್ರದ್ಧೆಯುಳ್ಳವನೆಂದು ಎಣಿಸಲ್ಪಟ್ಟಾನು.

ಇನ್ನೊಂದು ಮಾತು. ಈ ರೋಗವು ಎಂಟು ಹತ್ತು ವರುಷ ಇದ್ದವರಿಗೆ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯವು ಹೆಚ್ಚುವದರಿಂದ, ನೋವಿಲ್ಲದಿದ್ದರೂ ಆಗಾಗ್ಗೆ ಆ ಕೊಳವೆಯ ಪರೀಕ್ಷೆ ಮಾಡಿಸಬೇಕು. ನಮ್ಮ ಸಭೆಯ ಬಡವರ ನಿಧಿಯಿಂದ ಸತ್ತವರ ಪೆಟ್ಟಿಗೆಗೆ ಹಣ ಕೊಡುವ ವಾಡಿಕೆಯುಂಟು. ಬದುಕಿರುವವನ ಬಸ್ಸಿನ ಖರ್ಚಿಗೆ ಕೊಟ್ಟದ್ದನ್ನು ನಾನು ಲೆಕ್ಕದ ಪುಸ್ತಕದಲ್ಲಿ ಇನ್ನೂ ಕಂಡಿಲ್ಲ. ಮುಂದಿನ ಹಿರಿಯರ ಕೂಟದಲ್ಲಿ ಇದನ್ನು ಕೇಳಬೇಕೆಂದಿದ್ದೇನೆ. ಅವನು ಪಟ್ಟಣಕ್ಕೆ ಹೋಗುವ ದಿನ ಅವನ ಪಾಲಿನ ಕೊಯ್ಲಿಗೆ ಯಾರು ಇಳಿಯುವರೆಂಬದನ್ನೂ ಕೇಳಬೇಕು.