ಅವ್ವನ ಕೂಲಿ ಯಾವ ಕಾಗದದಲ್ಲಿದೆ?

ಕೇರಿಯಿಂದ ಕಾಲೇಜಿಗೆ ಬಂದ ನಮ್ಮೆಲ್ಲರ ಪೆಟ್ಟಿಗೆಯಲ್ಲೂ ಒಂದು ಕಾಗದವಿದೆ: ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರಲ್ಲಿ ಅಪ್ಪನ ಹೆಸರಿದೆ, ಜಾತಿಯಿದೆ, ಕುಟುಂಬದ ವರಮಾನವೆಂದು ಒಂದೇ ಒಂದು ಅಂಕಿಯಿದೆ. ಆ ಅಂಕಿಯಲ್ಲಿ ಅವ್ವ ನಾಟಿ ಹಾಕಿ ತಂದದ್ದೆಷ್ಟು? ದುಡ್ಡು ಕೊನೆಗೆ ಯಾರ ಕೈ ಸೇರಿತು? ಕಾಗದ ಹೇಳುವುದಿಲ್ಲ. ನಾವೂ ಕೇಳಲಿಲ್ಲ.

ಜಾತಿಯ ಲೆಕ್ಕ ನಮಗೆ ಗೊತ್ತು. 1974ರ ಭೂಸುಧಾರಣೆಯಲ್ಲಿ ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದ ಕೇರಿಯ ಬಹುಪಾಲು ಮನೆಗಳು ಬರಿಗೈಲೇ ಉಳಿದವು. ಹೊಲವಿಲ್ಲದವರು ಕೊಟ್ಟಷ್ಟಕ್ಕೆ ಒಪ್ಪಬೇಕು. ಒಲ್ಲೆ ಅಂದರೆ ರಾತ್ರಿ ಒಲೆ ಹತ್ತೋದಿಲ್ಲ. ಇದನ್ನು ನಾವು ಮೈಕಿನ ಮುಂದೆ ಕೂಗಿ ಹೇಳಿದ್ದೇವೆ.

ಅದೇ ಗದ್ದೆಯ ಬದುವಿನ ಮೇಲೆ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಆದರೂ 'ಗಂಡಸ್ರು ನೇಗಿಲು ಹಿಡೀತಾರೆ, ಹೆಂಗಸ್ರು ಸುಮ್ನೆ ಕಳೆ ಕೀಳ್ತಾರೆ' ಅನ್ನುತ್ತಾನೆ ಒಡೆಯ. ಹೌದೌದು ಅಂತ ತಲೆಯಾಡಿಸುವವರಲ್ಲಿ ನಮ್ಮಪ್ಪಂದಿರೂ ಇದ್ದಾರೆ. ದಿನವಿಡೀ ಕೆಸರಲ್ಲಿ ಬಗ್ಗಿದ ಸೊಂಟವನ್ನು ಕೇಳಿದವರುಂಟೆ? 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಜಾತಿ, ಲಿಂಗ ಒಂದೇ ಕತ್ತರಿಯ ಎರಡು ಅಲಗು. ಹೆಣ್ಣಾಳಿನ ಕೂಲಿ ಕತ್ತರಿಸಿದಾಗ ಬಡವಾಗುವುದು ಕೇರಿಯ ಒಲೆಯೇ, ಉಳಿತಾಯ ಒಡೆಯನಿಗೆ.

ಇನ್ನು ಮನೆಯೊಳಗೆ? ನೀರು, ಸೌದೆ, ಮುದ್ದೆ, ಮಗು. ಇದಕ್ಕೆ ಕೂಲಿಯೇ ಇಲ್ಲ. ಅವಳು ತಂದದ್ದು ಉಪ್ಪು ಮೆಣಸಿನಕಾಯಿಗೆ ಕರಗುತ್ತದೆ. ಎಷ್ಟೋ ಮನೆಗಳಲ್ಲಿ ಅವನು ತಂದದ್ದರಲ್ಲಿ ಒಂದು ಪಾಲು ಬ್ರಾಂದಿ ಅಂಗಡಿ ಸೇರುತ್ತದೆ. ಫೀಸಿಗೆ ದುಡ್ಡು ಸಾಲದಾದಾಗ ಸ್ಕೂಲು ಬಿಟ್ಟವಳು ಅಕ್ಕ. ನಾವು ಪದವೀಧರರಾದೆವು, ಕವಿಗಳಾದೆವು. ಅವ್ವನ ಮೇಲೆ ಪದ್ಯ ಬರೆದು ಚಪ್ಪಾಳೆ ತಗೊಂಡೆವು. ನಾವು ಉಂಡ ತಟ್ಟೆಯನ್ನು ಮಾತ್ರ ಅವಳೇ ತೊಳೆದಳು.

'ಮೊದಲು ಜಾತಿ ಹೋಗಲಿ, ಹೆಣ್ಣಿನ ಪ್ರಶ್ನೆ ಆಮೇಲೆ' ಎನ್ನುವ ಗೆಳೆಯರಿದ್ದಾರೆ. ಬಾಬಾಸಾಹೇಬರು ಹಾಗೆ ಸರದಿ ನಿಲ್ಲಿಸಲಿಲ್ಲ. ಹೆಣ್ಣಿಗೆ ಆಸ್ತಿಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದು 1951ರಲ್ಲಿ ಅವರು ಮಂತ್ರಿಗಿರಿ ಬಿಡಲು ಮುಖ್ಯ ಕಾರಣಗಳಲ್ಲೊಂದು. ಒಡೆಯನ ಹತ್ತಿರ ನ್ಯಾಯ ಕೇಳುವ ಬಾಯಿಗೆ ಮನೆಯಲ್ಲಿ ನ್ಯಾಯ ಕೊಡುವ ಕೈಯೂ ಇರಬೇಕು.

ಮುಂದಿನ ಸಭೆಯಲ್ಲಿ ಹೆಣ್ಣಾಳಿನ ಕೂಲಿಯೇ ನಮ್ಮ ಮೊದಲ ಬೇಡಿಕೆಯಾಗಲಿ. ಸಭೆ ಮುಗಿಸಿ ಮನೆಗೆ ಹೋದಮೇಲೆ ನಮ್ಮ ತಟ್ಟೆ ನಾವು ತೊಳೆಯೋಣ.