ಎರಡನೆಯ ತಕ್ಕಡಿ

ಕೊಲೆಗಾರನೆಂದು ಒಂದು ನ್ಯಾಯಾಸ್ಥಾನ ತೀರ್ಮಾನಿಸಿ ಗಲ್ಲಿನ ಶಿಕ್ಷೆ ವಿಧಿಸಿದ ಮೇಲೂ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ವರ್ಷಗಟ್ಟಲೆ ವಿಚಾರಣೆ ನಡೆಯುವುದನ್ನು ಕಂಡು ಬೇಸರಪಡುವವರು ಬಹಳ ಮಂದಿ. ‘ಸತ್ತವನಿಗೆ ಅಪೀಲು ಇತ್ತೇ?’ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಒಂದೊಂದು ವಾಯಿದೆಯೂ ಹಳೆಯ ಗಾಯವನ್ನು ಕೆದಕಿದಂತೆಯೇ. ಆದರೂ ಮೇಲಿನ ಕೋರ್ಟು ಏತಕ್ಕೆ ಬೇಕೆಂಬುದನ್ನು ನಾವು ಕೊಂಚ ನಿಧಾನವಾಗಿ ಯೋಚಿಸಬೇಕು.

ಸೆಷನ್ಸ್ ನ್ಯಾಯಾಧೀಶರು ವಿಧಿಸಿದ ಮರಣದಂಡನೆ ನಮ್ಮಲ್ಲಿ ತಾನಾಗಿಯೇ ಜಾರಿಗೆ ಬರುವುದಿಲ್ಲ. ಅಪರಾಧಿ ಅಪೀಲು ಮಾಡಲಿ, ಬಿಡಲಿ, ಹೈಕೋರ್ಟು ಅದನ್ನು ಸ್ಥಿರಪಡಿಸಲೇಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗಿ ನೋಡಬೇಕು. ಬೇಕಾದರೆ ಹೆಚ್ಚಿನ ಸಾಕ್ಷ್ಯವನ್ನೂ ತರಿಸಬಹುದು. ಸಾಕ್ಷಿಯ ಮುಖ ಕಂಡವರು ಕೆಳಗಿನ ನ್ಯಾಯಾಧೀಶರು. ಮೇಲಿನವರ ಮುಂದಿರುವುದು ಬಹುಮಟ್ಟಿಗೆ ಕಾಗದವೇ. ಆದ್ದರಿಂದ ಅವರು ಹೆಚ್ಚು ಬಲ್ಲವರೆಂದು ಈ ಏರ್ಪಾಡು ಆದದ್ದಲ್ಲ. ಒಬ್ಬರೇ ಕುಳಿತು ತೂಗಿದ ಮಾತ್ರಕ್ಕೆ ಒಂದು ಪ್ರಾಣ ಹೋಗಬಾರದು ಎಂಬುದೇ ಇದರ ತಿರುಳೆಂದು ನನ್ನ ತಿಳಿವಳಿಕೆ.

ಅಪರಾಧ ನಡೆಯಿತೆ ಎಂಬುದಕ್ಕೆ ಸಾಕ್ಷಿ, ಪುರಾವೆಗಳುಂಟು. ಅಪರಾಧಿ ಸಾಯಲೇಬೇಕೆ ಎಂಬುದಕ್ಕೆ ಯಾವ ಪುರಾವೆ? ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಅಪರೂಪವನ್ನು ಅಳೆಯುವ ಕೋಲು ಎಲ್ಲರ ಕೈಯಲ್ಲೂ ಒಂದೇ ಉದ್ದವಿರುವುದಿಲ್ಲ.

ಉತ್ತರ ಪ್ರದೇಶದ ಒಂದು ಪ್ರಕರಣವನ್ನು ನೋಡಿ. ಅಪರಾಧದಲ್ಲಿ ಸಮಪಾಲುಗೊಂಡ ಮೂವರಿಗೆ ಮರಣದಂಡನೆಯಾಗಿತ್ತು. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬನ ಅರ್ಜಿ 1976ರಲ್ಲಿ ವಜಾ ಆಯಿತು. ಇನ್ನೊಬ್ಬನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಮೂರನೆಯವನಾದ ಹರ್‌ಬನ್ಸ್ ಸಿಂಗನ ಅರ್ಜಿಯೂ 1978ರಲ್ಲಿ ವಜಾ ಆಯಿತು. 1981ರ ಅಕ್ಟೋಬರ್ 6ರಂದು ಮೊದಲನೆಯವನನ್ನು ಗಲ್ಲಿಗೇರಿಸಿದರು. ಅದೇ ದಿನ ಸಾಯಬೇಕಾಗಿದ್ದ ಹರ್‌ಬನ್ಸ್ ಸಿಂಗ್ ಮತ್ತೊಂದು ಅರ್ಜಿ ಹಾಕಿ ತಡೆಯಾಜ್ಞೆ ಪಡೆದಿದ್ದ. ಅವನ ಶಿಕ್ಷೆಯನ್ನು ಇಳಿಸಬೇಕೆಂದು 1982ರಲ್ಲಿ ಕೋರ್ಟೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಗಲ್ಲಿಗೇರಿದವನಿಗೆ ಯಾರು ಏನನ್ನು ಶಿಫಾರಸು ಮಾಡಬಹುದಾಗಿತ್ತು?

ಇಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಅಪರಾಧ ಒಂದೇ, ಪಾಲು ಒಂದೇ; ಬೇರೆಯಾದದ್ದು ಪೀಠ. ನನ್ನನ್ನು ಕಾಡುವುದು ಇದೇ. ತಪ್ಪಿತಸ್ಥನೆಂಬುದರಲ್ಲಿ ಒಮ್ಮತವಿದ್ದು ಶಿಕ್ಷೆಯಲ್ಲಿ ಮಾತ್ರ ಮೇಲಿನ ನ್ಯಾಯಾಧೀಶರಿಗೆ ಭಿನ್ನಾಭಿಪ್ರಾಯವಿದ್ದರೆ, ಬಲವಾದ ಕಾರಣವಿಲ್ಲದೆ ಗಲ್ಲಿಗೆ ಹಾಕದಿರುವುದೇ ವಾಡಿಕೆಯೆಂದು ಹೈದರಾಬಾದ್ ರಾಜ್ಯದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1955ರ ಹೊತ್ತಿಗೇ ಹೇಳಿತ್ತು. ನಾನಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಯಾವ ಹಂತದಲ್ಲಾಗಲಿ, ಒಬ್ಬ ನ್ಯಾಯಾಧೀಶರಿಗೆ ಈತ ಬದುಕಿರಲಿ ಎನ್ನಿಸಿದರೆ, ಗಲ್ಲು ಅನಿವಾರ್ಯವಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಡ.

ಒಬ್ಬರ ಮೆದುಮನಸ್ಸಿಗೆ ಕಾನೂನು ಮಣಿಯಬೇಕೆ ಎಂದು ಕೇಳಬಹುದು. ಮಣಿಯುವುದಾದರೂ ಎಷ್ಟು? ಅಪರಾಧಿ ಬಿಡುಗಡೆಯಾಗುವುದಿಲ್ಲ, ಸೆರೆಮನೆಯಲ್ಲೇ ಇರುತ್ತಾನೆ. ನಾಳೆ ತೀರ್ಪು ತಪ್ಪೆಂದು ಕಂಡರೆ ಹೋಗಿ ಬಾಗಿಲು ತೆರೆಯಬಹುದು, ಅಷ್ಟೇ.